ಬಿಟ್ಟ ಸೈಕಲ್ ಸಾಮಾನು ಸಾಗಿಸಿದ್ದು: ಚಿಕ್ಕಮಗಳೂರಿನ ಒಂದು ಬೇಸಿಗೆ

ಸೈಕಲ್‌ಗೆ ಯಾವ ಸಾಮಾನು ಕೊಳ್ಳಬೇಕು ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ವರ್ಷ ಕಳೆದಂತೆ ಬಳಸುವುದು ಬಿಟ್ಟ ಸಾಮಾನನ್ನು ಏನು ಮಾಡಬೇಕು ಅಂತ ಹೇಳುವವರು ನನಗೆ ಸಿಗಲಿಲ್ಲ. ಈ ಬೇಸಿಗೆ ಪೂರ್ತಿ ಅದೇ ಕೆಲಸ ಆಯಿತು. ಕಳೆದ ವಾರ ಮುಗಿಯಿತು. ಯಾವುದನ್ನು ಮಾರಬಹುದು, ಯಾವುದನ್ನು ಯಾರಿಗೂ ಕೊಡಲೇಬಾರದು, ಕಾಗದಪತ್ರ ಏನು ಬೇಕು, ಪಾರ್ಸಲ್‌ನಲ್ಲಿ ಏನು ತಕರಾರು ಬರುತ್ತದೆ, ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ರಾಶಿ ಇದ್ದರೆ ಅನುಕೂಲವಾಗಲಿ.

ನಮ್ಮದು ಚಿಕ್ಕಮಗಳೂರು ಪೇಟೆಯಲ್ಲೇ ಇರುವ ಹಳೆಯ ಹೆಂಚಿನ ಮನೆ. ಮಳೆ ಶುರುವಾಗುವ ಮುಂಚೆ ರೀಪು ಬದಲಿಸಬೇಕಿತ್ತು. ಅದಕ್ಕೆ ಅಟ್ಟ ಖಾಲಿ ಮಾಡಬೇಕಾಯಿತು. ಹತ್ತು ಹನ್ನೆರಡು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ಮಾಮೂಲಿ ದಿನ ಹಿರೇಕೊಳಲೆ ಕೆರೆವರೆಗೆ, ರಜೆ ಇದ್ದರೆ ಕೈಮರ ದಾಟಿ ಗಿರಿ ಕಡೆಗೆ, ಮೈ ಹಗುರ ಇದ್ದ ದಿನ ಆಲ್ದೂರಿನ ಮೇಲೆ ಬಾಳೆಹೊನ್ನೂರಿಗೆ. ಅಷ್ಟು ವರ್ಷದಲ್ಲಿ ಒಂದೊಂದಾಗಿ ಬಿಟ್ಟಿದ್ದೆಲ್ಲ ಜಗಲಿಗೆ ಇಳಿಯಿತು. ಕ್ಲೀಟ್ ಶೂ, ಅದರ ಪೆಡಲ್, 23 ಮಿ.ಮೀ. ಟೈರುಗಳು, ದೊಡ್ಡ ಚೈನ್‌ವೀಲ್, ನೀರಿನ ಚೀಲ ಇರುವ ಬ್ಯಾಗ್, ಜೆಲ್ ಸೀಟ್ ಕವರ್, ಗ್ಯಾಸ್ ಕಾರ್ಟ್ರಿಜ್‌ಗಳು, ಹಳೆಯ ಹೆಲ್ಮೆಟ್, ಹ್ಯಾಂಡಲ್ ಲೈಟು, ಮನೆಯೊಳಗೆ ತುಳಿಯುವ ಟ್ರೇನರ್. ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದು ಮೊದಲ ರೋಡ್ ಬೈಕ್.

ಅಮ್ಮ ಬಂದು ನೋಡಿದರು. "ಇಷ್ಟೊಂದು ಕೆಟ್ಟು ಹೋಗಿದೆಯಾ?" ಅಂತ ಕೇಳಿದರು. ಕೆಟ್ಟಿದ್ದು ಬಹಳ ಕಮ್ಮಿ. ಹೆಚ್ಚಿನವು ಚೆನ್ನಾಗೇ ಇದ್ದವು, ನಮ್ಮ ರಸ್ತೆಗೆ ಆಗಿಬರಲಿಲ್ಲ ಅಷ್ಟೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಯೇ "ಯಾಕೆ ಮಾರ್ತಿದ್ದೀರಿ?" ಅನ್ನುವುದು. ಸರಿಯಾದ ಉತ್ತರ ಕೊಟ್ಟರೆ ಅವರಿಗೂ ಅದು ಬೇಕೋ ಬೇಡವೋ ಅಂತ ಗೊತ್ತಾಗುತ್ತದೆ.

ಮೊದಲು ಕ್ಲೀಟ್ ಪೆಡಲ್. ಶೂ ಅಡಿಯಲ್ಲಿರುವ ಕ್ಲೀಟ್ ಪೆಡಲ್‌ಗೆ ಕಚ್ಚಿಕೊಳ್ಳುವ ಈ ಏರ್ಪಾಡು ಬೆಳೆದಿದ್ದು ರೇಸಿನಲ್ಲಿ. ಸ್ಕೀ ಬೈಂಡಿಂಗ್ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇದನ್ನು ತಂದಿತು. ಮರುವರ್ಷ ಬರ್ನಾರ್ಡ್ ಇನೋ ಇದೇ ಪೆಡಲ್ ತುಳಿದು ಟೂರ್ ದ ಫ್ರಾನ್ಸ್ ಗೆದ್ದರು. ಖಾಲಿ ರಸ್ತೆಯಲ್ಲಿ ಇದು ನಿಜಕ್ಕೂ ಸೊಗಸು. ಆದರೆ ಶನಿವಾರ, ಭಾನುವಾರ ಸೀತಾಳಯ್ಯನಗಿರಿ ದಾಟಿ ಮೇಲೆ ಹೋಗಿ ನೋಡಿ. ಕಿರಿದಾದ ರಸ್ತೆ, ಎದುರಿಗೆ ಜೀಪು, ಹಿಂದೆ ಟೆಂಪೋ ಟ್ರಾವೆಲರ್. ಏರಿನ ಮಧ್ಯೆ ಕಾಲು ಊರಲೇಬೇಕು. ಊರಿದ ಮೇಲೆ ಅದೇ ಏರಿನಲ್ಲಿ ಮತ್ತೆ ಕ್ಲೀಟ್ ಕೂರಿಸಿ ಹೊರಡುವುದು ಕಷ್ಟ. ಮಳೆಗಾಲದಲ್ಲಿ ಒಂದು ಸಲ ಕೆಸರಿನಲ್ಲಿ ಹೆಜ್ಜೆ ಇಟ್ಟರೆ ಕ್ಲೀಟ್ ಪೂರ್ತಿ ಮಣ್ಣು ತುಂಬುತ್ತದೆ, ಕಚ್ಚುವುದೇ ಇಲ್ಲ. ಮೂರು ಬೋಲ್ಟಿನ ಪ್ಲಾಸ್ಟಿಕ್ ಕ್ಲೀಟ್ ಅಂತೂ ಟೀ ಅಂಗಡಿಗೆ ನಡೆದು ನಡೆದೇ ಸವೆಯುತ್ತದೆ. ನಾನು ಮುಳ್ಳು ಇರುವ ಅಗಲ ಪೆಡಲ್‌ಗೆ ಬಂದೆ. ನಮ್ಮ ಜೊತೆ ಬರುವ ಒಬ್ಬರು ಎರಡು ಬೋಲ್ಟಿನ ಕ್ಲೀಟ್‌ಗೆ ಹೋದರು. ಅದರ ಕಬ್ಬಿಣದ ತುಂಡು ಶೂ ಅಡಿಯೊಳಗೆ ಹುದುಗಿರುತ್ತದೆ, ನಡೆಯಲು ತೊಂದರೆ ಇಲ್ಲ. ಕ್ಲೀಟ್ ಬೇಕೇ ಬೇಕು ಅನ್ನುವವರಿಗೆ ಮಲೆನಾಡಿನಲ್ಲಿ ಅದೇ ಸರಿ.

ಆಮೇಲೆ ಗೇರು. ನನ್ನ ಮೊದಲ ಸೈಕಲ್ ಬಂದಿದ್ದು ಮುಂದೆ 53, 39 ಹಲ್ಲು, ಹಿಂದೆ ಅತಿ ದೊಡ್ಡದು 25 ಹಲ್ಲು. ಅಂದರೆ ಅತಿ ಹಗುರದ ಗೇರಿನಲ್ಲೂ ಪೆಡಲ್ ಒಂದು ಸುತ್ತು ಬಂದರೆ ಚಕ್ರ ಒಂದೂವರೆ ಸುತ್ತಿಗಿಂತ ಜಾಸ್ತಿ ತಿರುಗುತ್ತದೆ, ಸೈಕಲ್ ಮೂರು ಕಾಲು ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟಿನಲ್ಲಿ ಅದು ಬೇಕು. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,930. ಆ ವ್ಯತ್ಯಾಸವನ್ನೆಲ್ಲ ಕೈಮರದಿಂದ ಮೇಲೆ ಮಂಡಿಯಲ್ಲಿ ಹೊತ್ತುಕೊಂಡು ಹೋಗಬೇಕು. ಈಗಿನ ಸೈಕಲ್‌ನಲ್ಲಿ ಮುಂದೆ 34, ಹಿಂದೆಯೂ 34. ಪೆಡಲ್ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ. ನಿಧಾನ ಹೌದು, ಆದರೆ ಮಾರನೇ ದಿನ ಮೆಟ್ಟಿಲು ಇಳಿಯುವಾಗ ಮಂಡಿ ನೋಯುವುದಿಲ್ಲ.

ಹಳೆಯ ಸೈಕಲ್‌ನಲ್ಲೇ ಇದನ್ನು ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಸ್ವಲ್ಪ ಮಾಡಿದೆ. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್ ಸಮೇತ ಬದಲಿಸಿ ಮುಂದಿನ ಚೈನ್‌ವೀಲ್ 50, 34ಕ್ಕೆ ಇಳಿಸಿದೆ. ಹಿಂದೆ 28 ಹಲ್ಲಿಗಿಂತ ದೊಡ್ಡದನ್ನು ಚೈನ್ ಸರಿಸುವ ಆ ಡಿರೇಲರ್ ತಡೆಯುವುದಿಲ್ಲ. ಟೈರು 28ಕ್ಕೆ ಏರಿಸೋಣ ಅಂದರೆ ಬ್ರೇಕಿನ ಕಮಾನಿಗೆ ಉಜ್ಜುತ್ತದೆ. 23ರ ಟೈರಿಗೆ 110, 120 ಪೌಂಡ್ ಗಾಳಿ ಹಾಕಿ ಆಲ್ದೂರು ರಸ್ತೆಯಲ್ಲಿ ಹೋದರೆ ಪ್ರತಿ ಗುಂಡಿಯೂ ಮಣಿಕಟ್ಟಿಗೆ ಬಡಿಯುತ್ತದೆ. ತೆಳು ಟೈರು, ಕಲ್ಲಿನಂತೆ ಗಾಳಿ ಇದ್ದರೇ ವೇಗ ಅಂತ ಆಗ ಎಲ್ಲರೂ ನಂಬಿದ್ದೆವು. ಒರಟು ರಸ್ತೆಯಲ್ಲಿ ಹಾಗಲ್ಲ. ಅಗಲ ಟೈರು, ಕಮ್ಮಿ ಗಾಳಿ ಇದ್ದರೆ ಕುಲುಕಾಟದಲ್ಲಿ ಶಕ್ತಿ ಪೋಲಾಗುವುದು ಕಮ್ಮಿ. ಈಗ ರೇಸಿನವರೂ 28, 30 ಹಾಕುತ್ತಾರೆ.

ಜೊತೆಗೆ ಬ್ರೇಕು. ಜೂನ್, ಜುಲೈನಲ್ಲಿ ಅತ್ತಿಗುಂಡಿಯಿಂದ ಇಳಿಯುವಾಗ ರಿಮ್ ಒದ್ದೆ ಇರುತ್ತದೆ. ಬ್ರೇಕ್ ಹಿಡಿದರೆ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿತ. ಆ ಒಂದೆರಡು ಕ್ಷಣ ತಿರುವಿನಲ್ಲಿ ಬಹಳ ದೊಡ್ಡದು. ಹೀಗೆ ಟೈರಿನಿಂದ ಶುರುವಾದದ್ದು ಬ್ರೇಕಿಗೆ ಬಂದು, ಕೊನೆಗೆ ಸೈಕಲ್ಲನ್ನೇ ಬದಲಿಸಬೇಕಾಯಿತು. ಹಳೆಯದು ಗೋಡೆಗೆ ಒರಗಿದ್ದು ಆಗಲೇ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಬೆನ್ನಿಗೆ ಹಾಕುವ ನೀರಿನ ಬ್ಯಾಗ್ ಬಿಟ್ಟಿದ್ದು ಬೆನ್ನು ಬೆವರಿ ಒದ್ದೆಯಾಗುತ್ತದೆ ಅಂತ. ಎರಡು ಬಾಟಲಿ ಸಾಕು, ನಮ್ಮ ಕಡೆ ದಾರಿಯಲ್ಲಿ ನೀರು ಕೊಡದ ಮನೆ ಇಲ್ಲ. ಜೆಲ್ ಸೀಟ್ ಕವರ್ ಮೊದಲ ಅರ್ಧ ಗಂಟೆ ಹಾಯ್ ಅನಿಸುತ್ತದೆ. ಆಮೇಲೆ ಮೂಳೆ ಒಳಗೆ ಹೂತು, ಪಕ್ಕದ ಮಾಂಸಖಂಡಕ್ಕೆ ಒತ್ತಡ ಬಿದ್ದು ಜೋಮು ಹಿಡಿಯುತ್ತದೆ. ಕೂರುವ ಮೂಳೆಯ ಅಗಲಕ್ಕೆ ಸರಿಯಾದ ಗಟ್ಟಿ ಸೀಟು, ಪ್ಯಾಡ್ ಇರುವ ಚಡ್ಡಿ ಇದ್ದರೆ ಕವರ್ ಬೇಡವೇ ಬೇಡ. ಗ್ಯಾಸ್ ಕಾರ್ಟ್ರಿಜ್ ಕ್ಷಣದಲ್ಲಿ ಟೈರು ತುಂಬುತ್ತದೆ ನಿಜ. ಆದರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಟ್ಯೂಬಿನ ರಬ್ಬರಿನಿಂದ ಮಾಮೂಲಿ ಗಾಳಿಗಿಂತ ಬೇಗ ಸೋರುತ್ತದೆ. ಮನೆಗೆ ಬಂದು ಮತ್ತೆ ಗಾಳಿ ಹೊಡೆಯಬೇಕು, ಪ್ರತಿ ಪಂಕ್ಚರ್‌ಗೂ ಹೊಸ ಕಾರ್ಟ್ರಿಜ್ ಬೇಕು. ಕೈ ಪಂಪು ಸಾಕು.

ಬಿಟ್ಟು ಮತ್ತೆ ಹಾಕಿಕೊಂಡದ್ದೂ ಒಂದಿದೆ. ಅದು ಮಡ್‌ಗಾರ್ಡ್. ರೋಡ್ ಬೈಕಿಗೆ ಮಡ್‌ಗಾರ್ಡ್ ಚೆಂದ ಅಲ್ಲ ಅಂತ ಎಲ್ಲರೂ ತೆಗೆಯುತ್ತಾರೆ. ಆರು ತಿಂಗಳು ಒದ್ದೆ ಇರುವ ಊರಿನಲ್ಲಿ ಅದಿಲ್ಲದೆ ತುಳಿದರೆ ಬೆನ್ನಿನ ಉದ್ದಕ್ಕೂ ಕೆಸರಿನ ಗೆರೆ, ಹಿಂದೆ ಬರುವವರ ಬಾಯಿಗೂ ಕೆಸರು. ಅಟ್ಟದಿಂದ ಇಳಿದ ಸಾಮಾನಿನಲ್ಲಿ ಮಡ್‌ಗಾರ್ಡಿನ ಹಳೇ ಜೋಡಿಯೂ ಸಿಕ್ಕಿತು, ಆದರೆ 23ರ ಟೈರಿನ ಅಳತೆಯದು.

ಇಷ್ಟು ವಿಂಗಡಿಸಿದ ಮೇಲೆ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದೆ. ನಮ್ಮ ಹವೆ ಸಾಮಾನನ್ನು ಸುಮ್ಮನೆ ಬಿಡುವುದಿಲ್ಲ. ನೀರಿನ ಚೀಲದ ನಳಿಗೆಯೊಳಗೆ ಕಪ್ಪು ಬೂಷ್ಟು. ಅದನ್ನು ಎಸೆದೆ. ಟೈರುಗಳಲ್ಲಿ ಒಂದು ಜೋಡಿಯ ಪಕ್ಕ ಬೆರಳಿನಿಂದ ಬಗ್ಗಿಸಿದರೆ ಕೂದಲೆಳೆಯಷ್ಟು ಬಿರುಕು ಕಾಣುತ್ತಿತ್ತು. ಅದನ್ನೂ ಎಸೆದೆ. ಪಕ್ಕ ಬಿರಿದ ಟೈರು ಇಳಿಜಾರಿನಲ್ಲಿ ಸಿಡಿದರೆ ಮುಗಿಯಿತು. ಬಳಸುವುದು ಬಿಟ್ಟ ವರ್ಷವೇ ಇವನ್ನು ಸಾಗಿಸಿದ್ದರೆ ಯಾರಾದರೂ ಓಡಿಸುತ್ತಿದ್ದರು. ನಿಮಗೆ ಹೇಳುವುದು ಇಷ್ಟೇ: ಒಂದು ಮಳೆಗಾಲ ಮುಟ್ಟದ ಸಾಮಾನನ್ನು ಮುಂದಿನ ಮಳೆಗಾಲಕ್ಕೆ ಇಡಬೇಡಿ.

ಹೆಲ್ಮೆಟ್ ವಿಷಯ ಬೇರೆಯೇ. ನೋಡಲು ಹೊಸದರ ಹಾಗೇ ಇತ್ತು. "ಪಕ್ಕದ ಮನೆ ಹುಡುಗನಿಗೆ ಕೊಡು" ಅಂದರು ಅಮ್ಮ. ಕೊಡಲಿಲ್ಲ. ಒಮ್ಮೆ ಬಿದ್ದಾಗ ತಲೆ ಉಳಿಸಿದ ಹೆಲ್ಮೆಟ್ ಅದು. ಒಳಗಿನ ಥರ್ಮಾಕೋಲ್ ಥರದ ಪದರ ಏಟನ್ನು ತಾನು ನುಂಗಿ ಜಜ್ಜಿಹೋಗುತ್ತದೆ, ಮತ್ತೆ ಉಬ್ಬುವುದಿಲ್ಲ. ಹೊರಗಿನ ಚಿಪ್ಪು ನೋಡಿದರೆ ಅದು ಗೊತ್ತಾಗುವುದಿಲ್ಲ. 2003ರಲ್ಲಿ ಪ್ಯಾರಿಸ್–ನೀಸ್ ರೇಸಿನಲ್ಲಿ ಹೆಲ್ಮೆಟ್ ಇಲ್ಲದೆ ಬಿದ್ದು ಆಂದ್ರೇ ಕಿವಿಲೆವ್ ತೀರಿಕೊಂಡರು, ಆಮೇಲೆಯೇ ದೊಡ್ಡ ರೇಸುಗಳಲ್ಲಿ ಹೆಲ್ಮೆಟ್ ಕಡ್ಡಾಯ ಆಯಿತು. ಅಂಥ ಸಾಮಾನನ್ನು ಸೆಕೆಂಡ್ ಹ್ಯಾಂಡ್ ಮಾರಬಾರದು, ಕೊಡಲೂಬಾರದು. ಕತ್ತರಿ ತಗೊಂಡು ಪಟ್ಟಿಗಳನ್ನೆಲ್ಲ ಕತ್ತರಿಸಿ ಕಸಕ್ಕೆ ಹಾಕಿದೆ. ಪಟ್ಟಿ ಇದ್ದರೆ ಕಸದಿಂದ ಯಾರಾದರೂ ಎತ್ತಿಕೊಂಡು ಮಕ್ಕಳಿಗೆ ಹಾಕುತ್ತಾರೆ. ನೀವೂ ದಯವಿಟ್ಟು ಹಾಗೇ ಮಾಡಿ.

ಈಗ ಸೈಕಲ್ ಮಾರುವ ಕಥೆ. ಇದೇ ಜಾಸ್ತಿ ಸಮಯ ತಿಂದದ್ದು.

ಸೈಕಲ್‌ಗೆ ಆರ್‌ಸಿ ಇಲ್ಲ, ಇನ್ಶೂರೆನ್ಸ್ ಕಡ್ಡಾಯ ಇಲ್ಲ. ಹಾಗಾಗಿ ಅದು ನಿಮ್ಮದೇ ಅಂತ ತೋರಿಸಲು ಇರುವುದು ಕೊಂಡಾಗಿನ ಬಿಲ್ಲು ಮತ್ತು ಫ್ರೇಮ್ ನಂಬರ್. ನಂಬರ್ ಸಾಮಾನ್ಯವಾಗಿ ಪೆಡಲ್ ತಿರುಗುವ ಅಚ್ಚಿನ ಕೆಳಗೆ ಇರುತ್ತದೆ. ಸೈಕಲ್ ತಲೆಕೆಳಗೆ ನಿಲ್ಲಿಸಿ, ಗ್ರೀಸು, ಮಣ್ಣು ಒರೆಸಿದರೆ ಕಾಣುತ್ತದೆ. ಬಿಲ್ಲು ನಾನು ಜೋಪಾನವಾಗಿ ಫೈಲಿನಲ್ಲಿ ಇಟ್ಟಿದ್ದೆ. ತೆಗೆದು ನೋಡಿದರೆ ಬಿಳಿ ಹಾಳೆ. ಥರ್ಮಲ್ ಪೇಪರಿನ ಬಿಲ್ಲು, ಒಂದು ಅಕ್ಷರವೂ ಉಳಿದಿರಲಿಲ್ಲ.

ಸೈಕಲ್ ಕೊಂಡಿದ್ದು ಬೆಂಗಳೂರಿನ ಅಂಗಡಿಯಲ್ಲಿ. ಫೋನ್ ಮಾಡಿದರೆ ಕೊಂಡಾಗ ಕೊಟ್ಟ ಮೊಬೈಲ್ ನಂಬರ್ ಕೇಳಿದರು. ಆ ನಂಬರ್ ಈಗ ಇಲ್ಲ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅವತ್ತು ಹಣ ಕಟ್ಟಿದ ಸಾಲು ಹುಡುಕಿ, ಫ್ರೇಮ್ ನಂಬರ್ ಫೋಟೋ ಜೊತೆ ಕಳಿಸಿದೆ. "ನೋಡ್ತೀವಿ ಸರ್" ಅಂದರು. ವಾರ ಕಳೆಯಿತು. ಮತ್ತೆ ಫೋನ್. "ಹಳೇ ಸಿಸ್ಟಮ್ಮಲ್ಲಿ ಇದೆ ಸರ್, ತೆಗೆಸ್ತೀವಿ." ಮತ್ತೆ ಕಾಯುವುದು. ಕೊಳ್ಳುತ್ತೇನೆ ಅಂದಿದ್ದ ಕಡೂರಿನ ಒಬ್ಬರು ಅಷ್ಟರಲ್ಲಿ ಬೇರೆ ಸೈಕಲ್ ನೋಡಿಕೊಂಡರು. ನನಗೆ ನಿಜವಾಗಿ ಬೇಜಾರಾಯಿತು. ಕೊನೆಗೊಂದು ಸಂಜೆ ಬಿಲ್ಲಿನ ಪ್ರತಿ ವಾಟ್ಸಾಪಿಗೆ ಬಂತು. ಹೊಸ ಸೈಕಲ್ ಕೊಂಡ ದಿನವೇ ಬಿಲ್ಲನ್ನು ಜೆರಾಕ್ಸ್ ಮಾಡಿಸಿ, ಒಂದು ಫೋಟೋ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ. ಐದು ನಿಮಿಷದ ಕೆಲಸ. ಇನ್ನೊಂದು ಮಾತು, ಫ್ರೇಮಿಗೆ ಜೀವಮಾನದ ವಾರಂಟಿ ಅಂತ ಇದ್ದರೂ ಹೆಚ್ಚಿನ ಕಂಪನಿಗಳು ಅದನ್ನು ಮೊದಲ ಮಾಲೀಕರಿಗೆ ಮಾತ್ರ ಕೊಡುತ್ತವೆ. ಕೊಳ್ಳುವವರಿಗೆ ಇದನ್ನು ಮೊದಲೇ ಹೇಳಿ.

ಬಿಲ್ಲಿಗೆ ಕಾಯುತ್ತಿದ್ದಾಗಲೇ ಹಳೆ ಸಾಮಾನು ಮಾರುವ ಆ್ಯಪಿನಲ್ಲಿ ಜಾಹೀರಾತು ಹಾಕಿದ್ದೆ. ಹಾಕಿದ ಕೂಡಲೇ ಫೋನ್ ಬಂತು. ತಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿ ಈ ಕಡೆ ಬರುತ್ತಿದ್ದೇನೆ, ತಮ್ಮನಿಗೆ ಸೈಕಲ್ ಬೇಕು ಅಂತ ಹಿಂದಿಯಲ್ಲಿ ಹೇಳಿದ. ಬೆಲೆ ಕಮ್ಮಿ ಮಾಡಿ ಅಂತ ಒಂದು ಮಾತೂ ಇಲ್ಲ, ಸೈಕಲ್ ನೋಡಬೇಕು ಅಂತಲೂ ಇಲ್ಲ. ಗುರುತಿನ ಚೀಟಿಯ ಫೋಟೋ ಕಳಿಸಿದ. ಆಮೇಲೆ ಒಂದು ಕ್ಯೂಆರ್ ಕೋಡ್. "ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ" ಅಂದ. ಅಲ್ಲಿಗೆ ಫೋನ್ ಇಟ್ಟೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಹಾಕಿದರೆ ದುಡ್ಡು ಹೋಗುವುದೇ ಹೊರತು ಬರುವುದಿಲ್ಲ. ಆಮೇಲೂ ಇಂಥದ್ದೇ ಮಾತು ಬೇರೆ ಬೇರೆ ನಂಬರಿನಿಂದ ಬರುತ್ತಿತ್ತು. ಯಾರಾದರೂ ಈಗಾಗಲೇ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ನಿಜವಾದ ಗಿರಾಕಿ ಸಿಕ್ಕಿದ್ದು ಹಾಸನದಲ್ಲಿ. ಎಂಜಿನಿಯರಿಂಗ್ ಓದುವ ಹುಡುಗ. ಮೊದಲ ಫೋನಿನಲ್ಲೇ ರಿಮ್ ಎಷ್ಟು ಸವೆದಿದೆ ಅಂತ ಕೇಳಿದ. ನನಗೆ ಖುಷಿಯಾಯಿತು. ಕೇಳಲೇಬೇಕಾದ ಪ್ರಶ್ನೆ ಅದು. ರಿಮ್ ಬ್ರೇಕ್ ಇರುವ ಸೈಕಲ್‌ನಲ್ಲಿ ಬ್ರೇಕ್ ರಬ್ಬರ್ ಉಜ್ಜಿ ಉಜ್ಜಿ ರಿಮ್ಮಿನ ಮೈ ಒಳಗೆ ಬಾಗುತ್ತದೆ, ಮಳೆಯ ಮರಳು ಸೇರಿದರೆ ಇನ್ನೂ ಬೇಗ. ಎಷ್ಟೋ ರಿಮ್ಮುಗಳಲ್ಲಿ ಸಣ್ಣ ಗೆರೆಯೋ ಚುಕ್ಕಿಯೋ ಇರುತ್ತದೆ, ಅದು ಮಾಸಿದರೆ ರಿಮ್ ಮುಗಿಯಿತು ಅಂತ. ಮುಂದಿನದರಲ್ಲಿ ಚುಕ್ಕಿ ಚೆನ್ನಾಗಿತ್ತು, ಹಿಂದಿನದರಲ್ಲಿ ಮಸುಕಾಗಿತ್ತು. ಫೋಟೋ ತೆಗೆದು ಕಳಿಸಿ, ಹಿಂದಿನ ರಿಮ್ ಒಂದೆರಡು ವರ್ಷದಲ್ಲಿ ಬದಲಿಸಬೇಕಾಗುತ್ತದೆ ಅಂತ ಬರೆದೆ. ಅದಕ್ಕೆ ಬೆಲೆ ಇಳಿಸಿದೆ. ಹೊಸದಾಗಿ 60 ಸಾವಿರದ ಹತ್ತಿರ ಬಿದ್ದಿದ್ದ ಸೈಕಲ್ಲು 22 ಸಾವಿರಕ್ಕೆ ಮಾತಾಯಿತು.

ಕೊಡುವ ಮುಂಚೆ ಕ್ಲೀಟ್ ಪೆಡಲ್ ಬಿಚ್ಚಿ ಮಾಮೂಲಿ ಪೆಡಲ್ ಹಾಕಬೇಕಿತ್ತು. ಮನೆಯಲ್ಲಿ ಬಲಗಡೆಯದು ಬಂತು, ಎಡಗಡೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎಡ ಪೆಡಲಿನ ಮರೆ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ ಅಂತ ಗೊತ್ತಿದ್ದೂ, ಸರಿಯಾದ ಕಡೆಗೇ ತಿರುಗಿಸಿದರೂ ಆಗಲಿಲ್ಲ. ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋದೆ. ಅಂಗಡಿಯ ಅಣ್ಣ ಮೊದಲು ಬಗ್ಗಿ ವಾಸನೆ ನೋಡುವಷ್ಟು ಹತ್ತಿರದಿಂದ ನೋಡಿದರು. ಉಕ್ಕಿನ ಆಕ್ಸಲ್, ಅಲ್ಯೂಮಿನಿಯಂ ಕ್ರ್ಯಾಂಕು, ಎರಡರ ಮಧ್ಯೆ ಬಿಳಿ ಪುಡಿ. "ಮಳೆ ನೀರು ಕುಡ್ದು ಕುಡ್ದು ಕಚ್ಕೊಂಡಿದೆ ಸರ್. ಈಗ ಜೋರು ಮಾಡಿದ್ರೆ ಮರೆ ಕಿತ್ತು ಬರುತ್ತೆ, ಕ್ರ್ಯಾಂಕೇ ಹೋಗುತ್ತೆ. ನಾಳೆ ಬನ್ನಿ" ಅಂದರು. ಒಳಗಡೆಯಿಂದ ತುಕ್ಕು ಬಿಡಿಸುವ ಎಣ್ಣೆ ಹನಿ ಹನಿಯಾಗಿ ಬಿಟ್ಟು, ಸೈಕಲ್ಲನ್ನು ಎಡಕ್ಕೆ ಮಲಗಿಸಿ ಇಟ್ಟರು, ಎಣ್ಣೆ ಮರೆಯೊಳಗೆ ಇಳಿಯಲಿ ಅಂತ.

ಮಾರನೇ ದಿನ ಎಂಟರ ಅಲನ್ ಕೀ ಕೂರಿಸಿ, ಅದರ ಬಾಲಕ್ಕೆ ಮೊಳದುದ್ದದ ಕಬ್ಬಿಣದ ಪೈಪು ಸಿಕ್ಕಿಸಿದರು. ನನಗೆ ಹಿಂದಿನ ಬ್ರೇಕ್ ಹಿಡಿದು, ಕ್ರ್ಯಾಂಕ್ ಅಲ್ಲಾಡದಂತೆ ಒತ್ತಿಕೊಳ್ಳಲು ಹೇಳಿದರು. ಒಮ್ಮೆಲೇ ಎಳೆಯಲಿಲ್ಲ. ಮೈಭಾರ ನಿಧಾನವಾಗಿ ಪೈಪಿನ ಮೇಲೆ ಬಿಡುತ್ತಾ ಹೋದರು. ಕ್ರ್ಯಾಂಕಿನೊಳಗಿಂದ ಒಣ ಕಡ್ಡಿ ಮುರಿದ ಹಾಗೆ ಟಕ್ ಅಂತು. ಅಣ್ಣ ಅಲ್ಲಿಗೇ ನಿಲ್ಲಿಸಿ, ಮತ್ತೆ ಎರಡು ಹನಿ ಎಣ್ಣೆ ಬಿಟ್ಟು, ಕಾಲು ಸುತ್ತು ಬಿಚ್ಚಿ, ಅಷ್ಟೇ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಿ, ಹೀಗೆ ಪೆಡಲನ್ನು ಹೊರಗೆ ತಂದರು. ಮರೆಯ ಒಂದು ಸಾಲೂ ಹಾಳಾಗಿರಲಿಲ್ಲ. ಆ ಕೈಕೆಲಸ ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ಹೊಸ ಪೆಡಲ್ ಹಾಕುವಾಗ ಮರೆಗೆ ಗ್ರೀಸು ಸವರಿದರು. ಮಳೆಗಾಲಕ್ಕೆ ಮುಂಚೆ ಒಂದು ಸಲ ಪೆಡಲ್ ಬಿಚ್ಚಿ ಗ್ರೀಸು ಹಾಕಿ ಅಂತ ಎಲ್ಲರಿಗೂ ಹೇಳಲು ಹೇಳಿದ್ದಾರೆ. ಬಿಚ್ಚುವಾಗ ಯಾವ ಕಡೆ ತಿರುಗಿಸಬೇಕು ಅನ್ನುವುದಕ್ಕೆ ಅವರು ಕೊಟ್ಟ ಗುರುತು ಸುಲಭ. ಪಾನಾ ಮೇಲ್ಮುಖ ಇರಲಿ, ಹಿಂದಿನ ಚಕ್ರದ ಕಡೆಗೆ ಎಳೆಯಿರಿ. ಎರಡು ಕಡೆಗೂ ಅದೇ ಲೆಕ್ಕ. ಪೆಡಲ್, ಬ್ರೇಕ್ ರಬ್ಬರ್, ಕೇಬಲ್, ಸರ್ವಿಸ್ ಎಲ್ಲ ಸೇರಿ 1,800 ರೂಪಾಯಿ ಆಯಿತು.

ಸೈಕಲ್ಲನ್ನು ಡಬ್ಬದಲ್ಲಿ ಕಟ್ಟಿ ಬಸ್ಸಿಗೆ ಹಾಕುವ ಬದಲು ಇಬ್ಬರೂ ಬೇಲೂರಿನಲ್ಲಿ ಸೇರುವುದು ಅಂತ ಆಯಿತು. ನಮಗೆ ಸುಮಾರು 25 ಕಿಲೋಮೀಟರ್, ಅವರಿಗೆ ಸುಮಾರು 40. ನಾನು ಅದನ್ನೇ ತುಳಿದುಕೊಂಡು ಹೋದೆ. ನನ್ನನ್ನು ಮೊದಲ ಸಲ ಗಿರಿ ಹತ್ತಿಸಿದ ಸೈಕಲ್ಲು. ದಾರಿಯುದ್ದಕ್ಕೂ ಕೊಡಬೇಕಾ ಅಂತ ಮನಸ್ಸು ಎಳೆಯುತ್ತಿತ್ತು. ಬೇಲೂರು ಬಸ್ ಸ್ಟ್ಯಾಂಡಿನ ಹತ್ತಿರ ಹುಡುಗ ಮತ್ತು ಅವನ ತಂದೆ ಕಾಯುತ್ತಿದ್ದರು. ಹುಡುಗ ಹತ್ತಿ ಹಳೇಬೀಡು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆಗ ನನಗೂ ಸಮಾಧಾನ ಆಯಿತು.

ತಂದೆ ಸುತ್ತ ಒಮ್ಮೆ ನೋಡಿ, "ಸ್ಟ್ಯಾಂಡ್ ಒಂದು ಹಾಕಿಸಬಹುದಲ್ವಾ ಸರ್?" ಅಂದರು.

"ಬೇಡ ಸರ್, ಈ ಫ್ರೇಮಿನ ಪೈಪು ಬಹಳ ತೆಳು. ಸ್ಟ್ಯಾಂಡಿನ ಕ್ಲ್ಯಾಂಪ್ ಬಿಗಿದರೆ ನೆಗ್ಗುತ್ತೆ. ಗೋಡೆಗೆ ಒರಗಿಸೋದೇ ಒಳ್ಳೇದು."

"ಬೆಲ್ಲು?"

"ಬೆಲ್ ಖಂಡಿತ ಹಾಕಿಸಿ. ನಾನೂ ತೆಗೆದಿದ್ದೆ, ದನ ಅಡ್ಡ ಬರೋ ರಸ್ತೇಲಿ ಬೇಕೇ ಬೇಕು."

ಬಿಳಿ ಹಾಳೆಯ ಮೇಲೆ ಮಾರಾಟದ ಪತ್ರ ಬರೆದೆವು. ಇಬ್ಬರ ಹೆಸರು, ವಿಳಾಸ, ಸೈಕಲ್ ಮಾಡೆಲ್, ಫ್ರೇಮ್ ನಂಬರ್, ತಾರೀಖು, ಮೊತ್ತ, ಇಬ್ಬರ ಸಹಿ. ಒಬ್ಬೊಬ್ಬರಿಗೆ ಒಂದೊಂದು ಪ್ರತಿ, ಜೊತೆಗೆ ಬಿಲ್ಲಿನ ಪ್ರತಿ. ಯಾವ ಕಾನೂನೂ ಇದನ್ನು ಕೇಳುವುದಿಲ್ಲ. ಆದರೆ ನಾಳೆ ಸೈಕಲ್ ಕಳುವಾದರೆ ಪೊಲೀಸ್ ಠಾಣೆಯಲ್ಲಿ ಹುಡುಗನಿಗೆ ಈ ಹಾಳೆಯೇ ಆಧಾರ. ಹಣ ಖಾತೆಗೆ ಬಂದದ್ದು ನೋಡಿಕೊಂಡು, ಬಸ್ಸು ಹತ್ತಿ ಮನೆಗೆ ಬಂದೆ.

ಪಾರ್ಸಲ್ ವಿಷಯ ಇಷ್ಟು ಸಲೀಸಾಗಿರಲಿಲ್ಲ. ಶೂ ಮತ್ತು ಪೆಡಲ್ ಹುಬ್ಬಳ್ಳಿಯವರೊಬ್ಬರು ಕೊಂಡರು. ಶೂ ಮೇಲೆ 42 ಅಂತ ಇತ್ತು, ಅವರದೂ 42. ಆದರೂ ವಾಪಸ್ ಬಂತು, ಬೆರಳಿಗೆ ಒತ್ತುತ್ತದೆ ಅಂತ. ಸೈಕಲ್ ಶೂಗಳಲ್ಲಿ ಕಂಪನಿಯಿಂದ ಕಂಪನಿಗೆ ಅಳತೆ ಬದಲಾಗುತ್ತದೆ. ಹೋಗಿ ಬರುವ ಕೊರಿಯರ್ ಖರ್ಚು ಇಬ್ಬರೂ ಅರ್ಧರ್ಧ ಹಾಕಿಕೊಂಡೆವು. ಮುಂದಿನ ಗಿರಾಕಿಗೆ ಒಳಗಿನ ಸೋಲ್ ಹೊರಗೆ ತೆಗೆದು, ಟೇಪಿಟ್ಟು ಸೆಂಟಿಮೀಟರ್ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿದೆ. ಅವರು ತಮ್ಮ ಪಾದ ಅಳೆದು ನೋಡಿ ಹೂಂ ಅಂದರು. ಕ್ಲೀಟ್ ಮತ್ತು ಪೆಡಲ್ ಒಂದೇ ಜಾತಿಯವು ಅಂತಲೂ ಬರೆದು ತಿಳಿಸಿ. ಲುಕ್ ಕ್ಲೀಟ್ ಶಿಮಾನೋ ಪೆಡಲಿಗೆ ಕೂರುವುದಿಲ್ಲ.

ಗ್ಯಾಸ್ ಕಾರ್ಟ್ರಿಜ್ ನೋಡಿದ ಕೂಡಲೇ ಕೊರಿಯರ್ ಕೌಂಟರಿನವರು ಪಕ್ಕಕ್ಕೆ ಸರಿಸಿದರು. ಒತ್ತಡದ ಗ್ಯಾಸು, ತೆಗೆದುಕೊಳ್ಳುವುದಿಲ್ಲ. ಅದು ಸರಿಯಾದ ಮಾತೇ. ಲೈಟಿನಲ್ಲಿ ಲಿಥಿಯಂ ಬ್ಯಾಟರಿ ಇದೆ ಅಂತ ವಿಮಾನದ ಪಾರ್ಸಲ್ ಆಗಲ್ಲ, ರಸ್ತೆ ಮೂಲಕ ಆದರೆ ಆಗುತ್ತದೆ ಅಂದರು. ದಿನ ಜಾಸ್ತಿ ಹಿಡಿಯಿತು, ತಲುಪಿತು. ಕಾರ್ಟ್ರಿಜ್‌ಗಳನ್ನು ಊರಿನಲ್ಲೇ ತುಳಿಯುವ ಒಬ್ಬ ಹುಡುಗಿಗೆ ಕೈಯಾರೆ ಕೊಟ್ಟೆ. ಹಾಕುವಾಗ ಕೈಗೆ ಬಟ್ಟೆ ಸುತ್ತಿಕೋ, ಲೋಹ ಮಂಜಿನಷ್ಟು ತಣ್ಣಗಾಗಿ ಚರ್ಮ ಸುಡುತ್ತದೆ ಅಂತ ಹೇಳಿಕೊಟ್ಟೆ.

ಟ್ರೇನರ್ ಕೊರೋನಾ ಸಮಯದಲ್ಲಿ ತಂದದ್ದು. ಹೊರಗೆ ಹೋಗಲು ಆಗುತ್ತದೆ ಅಂದ ಮೇಲೆ ಅದರ ಮೇಲೆ ಕೂರಲು ಯಾರಿಗೆ ಮನಸ್ಸು ಬರುತ್ತದೆ? ತರೀಕೆರೆಯಲ್ಲಿರುವ ಭಾವನವರಿಗೆ ಮಂಡಿ ಆಪರೇಷನ್ ಆಗಿ, ಡಾಕ್ಟರು ಸೈಕಲ್ ತುಳಿಯಲು ಹೇಳಿದ್ದರು. ಕೆಎಸ್‌ಆರ್‌ಟಿಸಿ ಪಾರ್ಸಲ್‌ಗೆ ಹಾಕಿ ಕಳಿಸಿದೆ. ಅಲ್ಲಿ ಹೊಸ ತೊಡಕು. ಟ್ರೇನರ್ ಹಿಡಿಯುವುದು ಪಾನಾ ಇಲ್ಲದೆ ಕೈಯಲ್ಲೇ ಬಿಚ್ಚುವ ಕ್ವಿಕ್ ರಿಲೀಸ್ ಆಕ್ಸಲ್ಲಿನ ತುದಿಯನ್ನು. ಅವರ ಮನೆಯಲ್ಲಿರುವುದು ನಟ್ಟು ಬಿಗಿಯುವ ಮಾಮೂಲಿ ಸೈಕಲ್. ಅದಕ್ಕೆ ಬೇರೆ ಥರದ ನಟ್ಟು ಬರುತ್ತದೆ, ಟ್ರೇನರಿನ ಬಟ್ಟಲಿಗೆ ಕೂರುವಂಥದ್ದು. ತರಿಸಿ ಕಳಿಸಿದೆ. ಈಗ ದಿನಾ ಬೆಳಿಗ್ಗೆ ತುಳಿಯುತ್ತಿದ್ದಾರೆ, ಅಕ್ಕ ವಿಡಿಯೋ ಕಳಿಸಿದ್ದಾಳೆ.

ಎಲ್ಲ ಸೇರಿ ಕೈಗೆ ಬಂದದ್ದು 25 ಸಾವಿರದ ಆಸುಪಾಸು. ಸರ್ವಿಸ್, ಕೊರಿಯರ್, ಡಬ್ಬ, ಟೇಪು ಅಂತ ಮೂರು ಸಾವಿರದ ಹತ್ತಿರ ಹೋಯಿತು. ಉಳಿದ ದುಡ್ಡಿನಲ್ಲಿ 32ರ ಟೈರಿಗೆ ಆಗುವ ಉದ್ದದ ಮಡ್‌ಗಾರ್ಡ್ ಜೋಡಿ ತಂದು ಹಾಕಿಸಿದೆ, ಹೊಸ ಹೆಲ್ಮೆಟ್ ತಗೊಂಡೆ, ರೀಪಿನ ಕೆಲಸಕ್ಕೂ ಒಂದಿಷ್ಟು ಆಯಿತು.

ಹೋಗದೆ ಉಳಿದಿರುವುದು 53, 39ರ ಚೈನ್‌ವೀಲ್ ಒಂದೇ. ಐದು ಬೋಲ್ಟಿನದು, ಬೋಲ್ಟಿನ ವೃತ್ತ 130 ಮಿ.ಮೀ., ಹಲ್ಲು ಒಂದೂ ಸವೆದಿಲ್ಲ, ಎಣ್ಣೆ ಹಚ್ಚಿ ಪೇಪರಿನಲ್ಲಿ ಸುತ್ತಿಟ್ಟಿದ್ದೇನೆ. ಗಿರಿ ಕಡೆಗೆ ಅದು ಬೇಡ. ಕಡೂರು, ಬೀರೂರು ಕಡೆಯ ಬಯಲಿನಲ್ಲಿ ಗಾಳಿ ಹಿಂದಿದ್ದಾಗ ತುಳಿಯುವವರಿಗೆ ಹೇಳಿ ಮಾಡಿಸಿದ್ದು. ನಿಮ್ಮ ಕ್ರ್ಯಾಂಕಿನ ಅಳತೆ ನೋಡಿಕೊಂಡು ಹೇಳಿ, ಹೊಂದಿದರೆ ದುಡ್ಡೇನೂ ಬೇಡ, ಬಂದು ತಗೊಂಡು ಹೋಗಿ.